ಹೋಗಿ ಬರುವವರ ಆಟ



ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ ಆಲ್ದೂರು ಸಿಗುತ್ತದೆ. ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಅಲ್ಲಿ ನಡೆದ ಕಬಡ್ಡಿ ಪಂದ್ಯವನ್ನು ನಾವು ಚಿತ್ರೀಕರಿಸಿದೆವು. ತಂಡದಲ್ಲಿ ಎಲ್ಲರಿಗಿಂತ ಸಣಕಲಾಗಿದ್ದ ಹುಡುಗನೊಬ್ಬ ಏಳು ಜನರ ನಡುವೆ ನುಗ್ಗಿ, ಒಬ್ಬನನ್ನು ಮುಟ್ಟಿ ಹಿಂತಿರುಗಿದ. ಹೇಗೆ ತಪ್ಪಿಸಿಕೊಂಡನೆಂಬುದು ನನ್ನ ಕಣ್ಣಿಗಂತೂ ಬೀಳಲಿಲ್ಲ. ಸಂಕಲನದ ಮೇಜಿನ ಮುಂದೆ ಕುಳಿತು ದೃಶ್ಯವನ್ನು ನಿಧಾನವಾಗಿ ಓಡಿಸಿದಾಗಲೇ ಗುಟ್ಟು ತಿಳಿದದ್ದು.

ನಮ್ಮ ಟೆಲಿವಿಷನ್ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಿರುತ್ತವೆ, ಒಂದೊಂದೂ 0.04 ಸೆಕೆಂಡಿನದು. ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಅಲ್ಲಿಂದ ಅಪ್ಪಣೆ ಹೊರಟು, ಸ್ನಾಯು ಕದಲಲು ಸುಮಾರು 0.2 ಸೆಕೆಂಡ್, ಎಂದರೆ 5 ಚೌಕಟ್ಟು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುವವನು ಒಂದು ಮೀಟರ್ ದಾಟಿರುತ್ತಾನೆ. ಪುರುಷರ ಅಂಕಣದಲ್ಲಿ ಮಧ್ಯರೇಖೆಯಿಂದ ಬಾಕ್ ಗೆರೆಗೆ ಇರುವುದು 3.75 ಮೀಟರ್ ಮಾತ್ರ. ಒಂದು ಮೀಟರ್ ಎಷ್ಟು ದೊಡ್ಡ ಲಾಭವೆಂದು ನೀವೇ ಲೆಕ್ಕ ಹಾಕಿ. ಆ ಹುಡುಗನಾದರೋ, ಎದುರಾಳಿಯ ಹೆಗಲಿಗೆ ಬೆರಳು ತಗಲುವ ಮೊದಲೇ ಸೊಂಟವನ್ನು ಹಿಂದಕ್ಕೆ ತಿರುಗಿಸಿದ್ದ. ಅವನ ಹಿಂದಿನ ಪಾದ ಆಗಲೇ ಮಧ್ಯರೇಖೆಯ ಕಡೆ ಮುಖ ಮಾಡಿತ್ತು. ಮುಟ್ಟುವ ಮೊದಲೇ ಅವನು ಮರಳಿ ಹೊರಟಿದ್ದನೆಂದೇ ಹೇಳಬೇಕು.

ಉಸಿರಿನ ಮಾತೂ ಇದೆ. ‘ಕಬಡ್ಡಿ, ಕಬಡ್ಡಿ’ ಎನ್ನುವಾಗ ಗಾಳಿ ಹೊರಗೆ ಹೋಗುತ್ತಲೇ ಇರುತ್ತದೆ. ಉಸಿರೆಳೆದುಕೊಳ್ಳಬೇಕೆಂಬ ಒತ್ತಾಯ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ದಾಳಿಗೆ 30 ಸೆಕೆಂಡ್ ಕಾಲಾವಕಾಶವಿದ್ದರೂ ಅದನ್ನೆಲ್ಲ ಮುಂದೆ ಹೋಗುವುದಕ್ಕೇ ಖರ್ಚು ಮಾಡಿದವನು, ನಾಲ್ಕು ಜನ ಮೇಲೆ ಬಿದ್ದಾಗ ಗೆರೆಯತ್ತ ಕೈ ಚಾಚಲು ಉಸಿರಿಲ್ಲದೆ ಸೋಲುತ್ತಾನೆ.

ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರ ಹೆಸರನ್ನು ನೀವು ಕೇಳಿರಬಹುದು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದ ದಾಳಿಗಾರ್ತಿ ಅವರು. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಬೆಂಗಳೂರು ಬುಲ್ಸ್ ಪರ ಆಡಿದ ದೆಹಲಿಯ ಪವನ್ ಸೆಹ್ರಾವತ್ 2019ರ ಅಕ್ಟೋಬರ್ 2ರಂದು ಹರಿಯಾಣ ತಂಡದ ವಿರುದ್ಧ 40 ನಿಮಿಷದ ಒಂದೇ ಪಂದ್ಯದಲ್ಲಿ 39 ಅಂಕ ತಂದರು. ಹೀಗೆ ಮತ್ತೆ ಮತ್ತೆ ಹೋಗಿ ಬರುವುದೆಂದರೆ ಹುಡುಗಾಟವಲ್ಲ!

ಒಬ್ಬನೇ ಎದುರಾಳಿಗಳ ನಡುವೆ ನುಗ್ಗುವ ಇಂಥದೇ ಕೆಲಸ ಅಮೆರಿಕದ ಫುಟ್‌ಬಾಲಿನಲ್ಲೂ ಉಂಟು. ಅದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೇ ಓಡಬೇಕು. ಆರಂಭದಲ್ಲಿ ಒಂದು ತಂಡ ಚೆಂಡನ್ನು ದೂರಕ್ಕೆ ಒದೆಯುತ್ತದೆ. ಇನ್ನೊಂದು ತಂಡದವನು ಅದನ್ನು ಹಿಡಿದು ತನ್ನ ಕಡೆಗೆ ಬರುತ್ತಿರುವ ಹನ್ನೊಂದು ಮಂದಿಯನ್ನು ಸೀಳಿಕೊಂಡು ಓಡುತ್ತಾನೆ. ಷಿಕಾಗೋ ತಂಡದ ಗೇಲ್ ಸೇಯರ್ಸ್ ತಮ್ಮ ವೃತ್ತಿಜೀವನದುದ್ದಕ್ಕೂ ಇಂಥ ಓಟಕ್ಕೆ ಸರಾಸರಿ 30.56 ಗಜ ಗಳಿಸಿದರು. ಅದೇ ತಂಡದ ಡೆವಿನ್ ಹೆಸ್ಟರ್ 2007ರ ಫೆಬ್ರವರಿ 4ರಂದು ಸೂಪರ್ ಬೌಲಿನ ಮೊದಲ ಒದೆತವನ್ನೇ ಹಿಡಿದು 92 ಗಜ ಓಡಿ ಅಂಕ ಗಳಿಸಿದರು. ಗಡಿಯಾರದಲ್ಲಿ ಕಳೆದದ್ದು 14 ಸೆಕೆಂಡ್. (ಪಂದ್ಯವನ್ನು ಮಾತ್ರ ಇಂಡಿಯಾನಾಪೊಲಿಸ್ ತಂಡ ಗೆದ್ದಿತು.) ಹೆಸ್ಟರ್ ಕೂಡ ನಮ್ಮ ಆಲ್ದೂರಿನ ಹುಡುಗನಂತೆಯೇ ಎದುರಾಳಿಯ ಆ 0.2 ಸೆಕೆಂಡಿನ ತಡವನ್ನು ನಂಬಿದವರು: ಒಂದು ಕಡೆ ಭುಜ ತೋರಿಸಿ, ಎದುರಾಳಿ ಅತ್ತ ವಾಲಿದೊಡನೆ ಇನ್ನೊಂದು ಕಡೆ ನುಗ್ಗುವುದು.

ಆದರೆ ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುವುದರಿಂದ ಆಟಗಾರರ ತಲೆಗೆ ಪೆಟ್ಟಾಗುತ್ತಿತ್ತು. ಹೀಗಾಗಿ 2024ರಲ್ಲಿ ಅಲ್ಲಿನ ಲೀಗ್ ನಿಯಮವನ್ನೇ ಬದಲಿಸಿ, ಎರಡೂ ಕಡೆಯವರನ್ನು ಹತ್ತಿರ ಹತ್ತಿರ ನಿಲ್ಲಿಸಿತು. ಇಳಿದ ಚೆಂಡು ನೆಲಕ್ಕೋ ಆಟಗಾರನಿಗೋ ತಗಲುವ ತನಕ ಅವರು ಕದಲುವಂತಿಲ್ಲ.

ಆಲ್ದೂರಿನ ಅದೇ ಸಂಜೆ ಇನ್ನೊಬ್ಬ ಹುಡುಗ ಪಾದವನ್ನು ನೆಲದಲ್ಲಿ ಭದ್ರವಾಗಿ ಊರಿ ಮೈಯನ್ನು ಮಾತ್ರ ತಿರುಗಿಸಿದ. ದೇಹದ ಭಾರವೆಲ್ಲ ಮೊಣಕಾಲಿನ ಮೇಲೆ ತಿರುಚಿ ಬಿತ್ತು. ಕಾಲನ್ನು ಹಿಡಿದುಕೊಂಡು ಅಲ್ಲೇ ಕುಳಿತವನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಬೇಕಾಯಿತು. ಆ ದೃಶ್ಯವನ್ನು ನಾನು ಪ್ರಸಾರಕ್ಕೆ ಸೇರಿಸಲಿಲ್ಲ. ನಿಮ್ಮಲ್ಲಿ ಕಬಡ್ಡಿ ಆಡುವವರು ಮೊದಲು ಎದುರಾಳಿಗಳಿಲ್ಲದ ಖಾಲಿ ಅಂಕಣದಲ್ಲಿ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಪಾದ ಮತ್ತು ಮೊಣಕಾಲು ಒಟ್ಟಿಗೆ ತಿರುಗುವಂತೆ ಅಭ್ಯಾಸ ಮಾಡಿ. ಮಣ್ಣು ಒದ್ದೆಯಾಗಿದ್ದ ದಿನ ಆಡಬೇಡಿ.