ಕರಡಿ ಎಲ್ಲಿದೆ ಅಂತ ಹುತ್ತವೇ ಹೇಳುತ್ತೆ!

ಹಿಂದೆ ಶಿಕಾರಿಯವರು ಕೋವಿ ಹೆಗಲಿಗೇರಿಸಿ ಹೊರಟರೆ ಮೊದಲು ಹುಡುಕುತ್ತಿದ್ದದ್ದು ಕರಡಿಯನ್ನಲ್ಲ, ಅದು ಅಗೆದ ಹುತ್ತವನ್ನು. ಗೆದ್ದಲು ಹೀರಲು ತೋಡಿದ ಗುಂಡಿ, ಜೇನಿಗಾಗಿ ಹತ್ತಿದ ಮರದ ಮೇಲೆ ಉಗುರಿನ ಗೀರು, ಬಂಡೆಸಂದಿಯ ಬಳಿ ಬೋರೆ, ಕಕ್ಕೆ ಬೀಜ ತುಂಬಿದ ಲದ್ದಿ... ಇಷ್ಟು ಸಿಕ್ಕರೆ ಆಸಾಮಿ ಅಲ್ಲೇ ಸುತ್ತಮುತ್ತ ಇದೆ ಅಂತ ಲೆಕ್ಕ.

ಗುರುತು ಸಿಕ್ಕಿದ ಮಾತ್ರಕ್ಕೆ ಕರಡಿ ಸಿಗುತ್ತೆ ಅಂತೇನಿಲ್ಲ. ಅರಸೀಕೆರೆ ಕಡೆಯ ಕರಡಿಯೊಂದು 12 ಜನರನ್ನು ಕೊಂದಿತ್ತು ಅಂತ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದಿಟ್ಟಿದ್ದಾರೆ. ಅಲ್ಲಿ ಕೈಗೆ ಸಿಗದೆ ಸತಾಯಿಸಿದ ಅದು ಕೊನೆಗೆ ಗುಂಡಿಗೆ ಬಿದ್ದದ್ದು ಸಖರಾಯಪಟ್ಟಣದ ಹತ್ತಿರ!

ಈಗ ಆ ಆಟ ನಡೆಯೋಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಕರಡಿ ಇದೆ; ಹೊಡೆದರೆ ಕನಿಷ್ಠ 3 ವರ್ಷ ಜೈಲು. 1994ರಲ್ಲಿ ದರೋಜಿಯಲ್ಲಿ ಕರಡಿಗೇ ಅಂತ ಧಾಮವೂ ಆಯ್ತು.

ಆದರೆ ಗುರುತು ನೋಡೋ ಕೆಲಸ ತಪ್ಪಿಲ್ಲ. ನಸುಕಿನಲ್ಲಿ ಶೇಂಗಾ ಹೊಲಕ್ಕೆ ಹೋಗೋ ರೈತ, ಸೌದೆಗೆ ಹೋಗೋ ಹೆಂಗಸರು ಹೊಸದಾಗಿ ಅಗೆದ ಹುತ್ತ ಕಂಡರೆ ಆ ದಾರಿ ಬಿಡೋದೇ ವಾಸಿ. ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಮಂದ. ತೀರಾ ಹತ್ತಿರ ಬಂದ ಮೇಲೆ ಬೆಚ್ಚಿಬಿದ್ದು ಮುಖಕ್ಕೇ ಎರಗುತ್ತೆ. ನಾಲ್ಕು ಜನ ಜೋರಾಗಿ ಮಾತಾಡ್ತಾ ಹೋದರೆ ಬಹಳ ಸಲ ಅದೇ ಪಕ್ಕಕ್ಕೆ ಸರಿಯುತ್ತೆ.