ಉಳಿದ ಹತ್ತಿ, ಮುಂದಿನ ಬಿತ್ತನೆ

ಅಹಮದಾಬಾದಿನ ನವರಂಗಪುರದಲ್ಲಿ ಇಂದು ಹತ್ತಿಯ ಹೊಲ ಕಾಣದಿದ್ದರೂ, ಈ ನಗರ ಬೆಳೆದದ್ದು ಹತ್ತಿ ಗಿರಣಿಗಳಿಂದಲೇ. ಭಾರತದಲ್ಲಿ ಹತ್ತಿಯ ವರ್ಷ ಅಕ್ಟೋಬರ್ 1ರಂದು ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಆ ದಿನ ಗಿರಣಿಗಳು, ವರ್ತಕರು ಹಾಗೂ ಭಾರತೀಯ ಹತ್ತಿ ನಿಗಮದ ಬಳಿ ನೂಲಾಗದೆ ಉಳಿದ, ತಲಾ 170 ಕಿಲೋ ತೂಗುವ ಬೇಲುಗಳ ಮೊತ್ತವೇ ಹಳೆಯ ದಾಸ್ತಾನು. ಈ ದಾಸ್ತಾನು ಹೆಚ್ಚಿದಷ್ಟೂ ಹೊಸ ಹತ್ತಿಯ ಬೆಲೆ ಏರುವುದು ಕಷ್ಟವಾಗುವುದರಿಂದ, ಬಿಡಿಸಿದ ಹತ್ತಿಯನ್ನು ಮನೆಯಲ್ಲೇ ಕೂಡಿಟ್ಟು ಕಾದು ನಿರಾಶರಾದ ಸೌರಾಷ್ಟ್ರದ ರೈತರು ಮುಂದಿನ ಮುಂಗಾರಿಗೆ ಅದೇ ಹೊಲದಲ್ಲಿ ಶೇಂಗಾ ಬಿತ್ತುವುದುಂಟು. ಶೇಂಗಾ ಸುಮಾರು ನಾಲ್ಕು ತಿಂಗಳಲ್ಲಿ ಹೊಲ ತೆರವು ಮಾಡುತ್ತದೆ, ಹಿಂಗಾರಿಗೆ ಜೀರಿಗೆಯನ್ನೋ ಗೋಧಿಯನ್ನೋ ಹಾಕಲು ಎಡೆಯಾಗುತ್ತದೆ. ಹಲವು ಸುತ್ತು ಬಿಡಿಸಬೇಕಾದ ಹತ್ತಿಯಾದರೋ ಚಳಿಗಾಲದವರೆಗೂ ಹೊಲದಲ್ಲೇ ನಿಲ್ಲುವುದರಿಂದ, ಅದನ್ನು ಆರಿಸಿಕೊಂಡವರು ಹಲವು ಬಾರಿ ಎರಡನೆಯ ಬೆಳೆಯನ್ನೇ ಬಿಟ್ಟುಕೊಡಬೇಕಾಗುತ್ತದೆ.