ಗೋವಾ ಪರದೇಶವಾಗಿದ್ದಾಗ ಗಡಿ ದಾಟಿ ಬಂದ ಅನ್ನಪಾನ

ಹಣಕೋಣ, ಅಸ್ನೋಟಿ, ಮಾಜಾಳಿ ಭಾಗದ ನಮಗೆ ಗೋವಾ ಎಂದರೆ ನೆಂಟರ ಊರು. ಮಾತು, ಹಬ್ಬ, ಊಟ ಎಲ್ಲವೂ ಹತ್ತಿರ. ಆದರೆ 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಹಾಗಾಗಿ ಸ್ವತಂತ್ರ ಭಾರತಕ್ಕೆ ಅಲ್ಲಿಂದ ಬಂದದ್ದೆಲ್ಲ ವಿದೇಶಿ ಸರಕೇ. ಇಂದಿನ ಯುವಜನರಿಗೆ ಇದು ಸೋಜಿಗವೆನಿಸಬಹುದು.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು ಗಡಿಯ ಎರಡೂ ಕಡೆ ಕೊರತೆಯಾಯಿತು. 1945ರಲ್ಲಿ ಯುದ್ಧ ಮುಗಿದರೂ ನಮ್ಮ ಕಡೆ ರೇಷನ್ ಮುಗಿಯಲಿಲ್ಲ. ಗೋವಾದಲ್ಲಿ ಆಮದು ಸುಂಕ ಕಡಿಮೆ. ಹಾಗಾಗಿ ಪೋರ್ಚುಗಲ್‌ನ ವೈನ್ ಮತ್ತಿತರ ವಿದೇಶಿ ಸರಕು ಅಲ್ಲಿ ಸುಲಭವಾಗಿ ಸಿಗುತ್ತಿತ್ತು.

ಆಗ ಕಾರವಾರ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1950ರಲ್ಲಿ ಪೂರ್ಣ ಪಾನನಿಷೇಧ ಜಾರಿಗೆ ಬಂತು. ಬಲಿಪೂಜೆಯ ದ್ರಾಕ್ಷಾರಸಕ್ಕೆ ಮಾತ್ರ ಕಾನೂನು ಅನುಮತಿಯ ದಾರಿ ಇಟ್ಟಿತ್ತು. ಗಡಿಯ ಒಂದು ಬದಿ ನಿಷೇಧ, ಇನ್ನೊಂದು ಬದಿ ಮುಕ್ತ ಮಾರಾಟ. ಇದೇ ಕಳ್ಳಸಾಗಣೆಗೆ ಲಾಭ ತಂದಿತು.

ಗೋವಾ ವಿಮೋಚನೆಯ ಒತ್ತಡ ಹೆಚ್ಚಿದಾಗ, 1954-55ರಲ್ಲಿ, ಭಾರತ ಸರಕಾರ ಗೋವಾದೊಂದಿಗಿನ ವ್ಯಾಪಾರ ಮತ್ತು ಓಡಾಟಕ್ಕೆ ಕಡಿವಾಣ ಹಾಕಿತು. ಗೋವಾ ನೆದರ್ಲೆಂಡ್ಸ್‌ನಿಂದ ಆಲೂಗಡ್ಡೆ, ಸಿಲೋನಿನಿಂದ ಚಹಾ, ಪಾಕಿಸ್ತಾನದಿಂದ ಅಕ್ಕಿ ತರಿಸಿಕೊಂಡಿತು. ಕೂಗಳತೆಯ ಊರಿನಿಂದ ಬರಬಹುದಾಗಿದ್ದ ಆಹಾರ ಸಮುದ್ರ ದಾಟಿ ಬರಬೇಕಾಯಿತು. ಮದುವೆಗೆ, ಸಾವಿಗೆ ಹೋಗಿಬರುತ್ತಿದ್ದ ನೆಂಟರಿಗೂ ಗಡಿ ಅಡ್ಡವಾಯಿತು. ಗೋವಾ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧರ್ಮಕೇಂದ್ರಗಳು ಅದಕ್ಕೂ ಮೊದಲೇ, 1953ರಲ್ಲಿ, ಹೊಸ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಬಂದಿದ್ದವು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು.

ಈಗ ಅದು ಎರಡು ರಾಜ್ಯಗಳ ಗಡಿ ಮಾತ್ರ. ಅಕ್ಕಿ, ತೆಂಗಿನಕಾಯಿ, ಮೀನು ತರಲು ವಿದೇಶಿ ಸುಂಕವಿಲ್ಲ. ಆದರೆ ಮದ್ಯದ ವಿಷಯ ಬೇರೆ. ಗೋವಾದಲ್ಲಿ ತೆರಿಗೆ ಕಡಿಮೆ, ಬೆಲೆಯೂ ಕಡಿಮೆ; ಪರವಾನಗಿ ಇಲ್ಲದೆ ಕರ್ನಾಟಕಕ್ಕೆ ತರುವುದು ಇಂದಿಗೂ ಅಪರಾಧ. ನಾಲ್ಕು ಕಾಸಿನ ಆಸೆಗೆ ಬಾಟಲಿ ಸಾಗಿಸಲು ಒಪ್ಪುವ ಹುಡುಗರಿಗೆ ಮನೆಯವರು ಇದನ್ನು ತಿಳಿಹೇಳಬೇಕು. ಸಿಕ್ಕಿಬಿದ್ದರೆ ಕೇಸು ಹುಡುಗನ ಮೇಲೆ, ಕೋರ್ಟಿಗೆ ಅಲೆಯುವುದು ತಂದೆತಾಯಿ.

ಆ ದಿನಗಳನ್ನು ಕಂಡವರಿಗೆ ಈಗ ಎಂಬತ್ತರ ಆಸುಪಾಸು. ಏನು ತರುತ್ತಿದ್ದರು, ಯಾವ ದಾರಿಯಲ್ಲಿ, ಯಾರನ್ನು ಕಾಣಲಾಗದೆ ಹೋಯಿತು ಎಂದು ಅವರನ್ನು ಕೇಳಿ ಬರೆದಿಡೋಣ. ಅವರು ಇರುವಾಗಲೇ ಈ ಕೆಲಸ ಆಗಬೇಕು.